ಅಂಜಿಕೆಯೂ ವಿಹಂಗಮಾರ್ಗವೂ

ಆಹಾರ, ನಿದ್ರೆ, ಭಯ, ಮೈಥುನಗಳು ಸಕಲ ಪ್ರಾಣಿಗಳಿಗೂ ಸಾಮಾನ್ಯವೆಂದು ಹಿರಿಯರು ಎಣಿಸಿದ್ದಾರೆ. ಇವುಗಳಲ್ಲಿ ಉಳಿದ ಮೂರಕ್ಕೆ ಒಂದು ಹೊತ್ತು, ಒಂದು ಮಿತಿ ಉಂಟು. ಉಂಡವನಿಗೆ ಹಸಿವು ಅಡಗುತ್ತದೆ, ಮಲಗೆದ್ದವನಿಗೆ ನಿದ್ರೆ ತೀರುತ್ತದೆ. ಭಯಕ್ಕೆ ಮಾತ್ರ ಹೊತ್ತುಗೊತ್ತಿಲ್ಲ. ಇದ್ದವನಿಗೆ ಇದ್ದುದು ಹೋದೀತೆಂಬ ಭಯ. ಇಲ್ಲದವನಿಗೆ ಎಂದಿಗೂ ಬಾರದೆಂಬ ಭಯ. ಮಕ್ಕಳಿಲ್ಲದವರು ಒಂದು ಬಗೆಯಾಗಿ ಅಂಜುತ್ತಾರೆ, ಮಕ್ಕಳುಳ್ಳವರು ನೂರು ಬಗೆಯಾಗಿ ಅಂಜುತ್ತಾರೆ. ಸಂಸಾರದಲ್ಲಿದ್ದುಕೊಂಡೇ ಶಿವಪಥದಲ್ಲಿ ನಡೆಯಬೇಕೆಂದಿರುವ ಗೃಹಸ್ಥಭಕ್ತರಿಗೆ ಈ ಅಂಜಿಕೆಯ ವಿಚಾರವು ಹೊರಗಿನದಲ್ಲ, ಮನೆಯೊಳಗಿನದು. ಶರಣರು ಇದನ್ನು ಹೇಗೆ ತಿಳಿದಿದ್ದರು, ಹೇಗೆ ದಾಟಿದರು ಎಂಬುದನ್ನು ನೋಡುವುದಕ್ಕೆ ಹಕ್ಕಿಯ ಹಾರಾಟಕ್ಕಿಂತ ಸಮೀಪವಾದ ದೃಷ್ಟಾಂತ ದೊರೆಯುವುದು ಕಷ್ಟ.

ಮೈಸೂರಿನ ಅಗ್ರಹಾರವನ್ನು ಬಲ್ಲವರಿಗೆ ಅಲ್ಲಿಯ ಆಕಾಶವೂ ತಿಳಿದಿರುತ್ತದೆ. ಕೆಳಗೆ ನೂರೊಂದು ಗಣಪತಿಯ ಗುಡಿ, ವೃತ್ತದಿಂದ ಒಡೆದು ಹೋಗುವ ಬೀದಿಗಳು, ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆಯ ಗದ್ದಲ. ಮೇಲೆ, ಹೊತ್ತೇರಿ ನೆಲ ಕಾದಂತೆಲ್ಲ, ರೆಕ್ಕೆ ಬಡಿಯದೆ ಸುತ್ತುವ ಹದ್ದುಗಳು. ಪೇಟೆಯ ಹದ್ದು ಎತ್ತರವಾದ ಮರದ ಕವಲಿನಲ್ಲಿ ಕಡ್ಡಿ, ಚಿಂದಿಗಳನ್ನು ಸೇರಿಸಿ ಗೂಡು ಕಟ್ಟುತ್ತದೆ. ಮರಿಯು ಸುಮಾರು ಆರೇಳು ವಾರ ಆ ಗೂಡಿನಲ್ಲಿ ಬೆಳೆಯುತ್ತದೆ. ಕಡೆಯ ದಿನಗಳಲ್ಲಿ ಅದು ಗೂಡಿನ ಅಂಚಿಗೆ ಬಂದು ನಿಂತು, ಉಗುರಿನಿಂದ ಕಡ್ಡಿಯನ್ನು ಬಿಗಿಹಿಡಿದು, ರೆಕ್ಕೆಗಳನ್ನು ಬಡಿಯುತ್ತದೆ. ಗಾಳಿ ಬಂದರೆ ಮೈ ಮೇಲಕ್ಕೇಳುತ್ತದೆ. ಆದರೆ ಉಗುರು ಕಡ್ಡಿಯನ್ನು ಬಿಡುವುದಿಲ್ಲ. ಇಂದು ಹಾರಿತು ಎನ್ನುವಷ್ಟರಲ್ಲಿ ಮತ್ತೆ ಒಳಗೆ ಸರಿದು ಮುದುರಿಕೊಳ್ಳುತ್ತದೆ. ಹಾರುವುದಕ್ಕೆ ಬೇಕಾದ ಬಲವು ಗೂಡಿನಲ್ಲಿಯೇ ಬಂದಿರುತ್ತದೆ. ಗಾಳಿಯು ತನ್ನನ್ನು ಹೊರುತ್ತದೆ ಎಂಬ ನಂಬಿಕೆಯಾದರೋ ಗೂಡಿನಲ್ಲಿ ಬರತಕ್ಕದ್ದಲ್ಲ. ಅದು ಕಾಲು ಬಿಟ್ಟ ಮೇಲೆ ಬರುವಂಥದು. ಅಂಜಿಕೆ ಪೂರ್ತಿಯಾಗಿ ಹೋದ ಮೇಲೆ ಹಾರುತ್ತೇನೆಂದು ಕಾದು ಕುಳಿತ ಮರಿಯು ಗೂಡಿನಲ್ಲಿಯೇ ಹಸಿದು ಸಾಯಬೇಕಾದೀತು.

ಅಧ್ಯಾತ್ಮಗ್ರಂಥಗಳಲ್ಲಿ ಪಿಪೀಲಿಕಾಮಾರ್ಗ, ವಿಹಂಗಮಾರ್ಗ ಎಂಬ ಎರಡು ಮಾತುಗಳು ಬಹುಕಾಲದಿಂದ ನಡೆದುಬಂದಿವೆ. ಇರುವೆಯು ಬುಡದಿಂದ ಹೊರಟು, ಕೊಂಬೆಯಿಂದ ಕೊಂಬೆಗೆ ಅಲೆದು, ಕಡೆಗೊಮ್ಮೆ ಹಣ್ಣನ್ನು ಸೇರುತ್ತದೆ. ಹಕ್ಕಿಯು ನೇರವಾಗಿ ಹಣ್ಣಿಗೇ ಹಾರುತ್ತದೆ. ಇದನ್ನು ಕೇಳಿದವರಲ್ಲಿ ಹಲವರು ವಿಹಂಗಮಾರ್ಗವೆಂದರೆ ಸುಲಭಮಾರ್ಗ, ಸಾಧನೆಯಿಲ್ಲದೆ ಸಿದ್ಧಿಯನ್ನು ಪಡೆಯುವ ಉಪಾಯ ಎಂದು ತಿಳಿಯುವುದುಂಟು. ಗೂಡಿನ ಅಂಚಿನಲ್ಲಿ ದಿನವಿಡೀ ರೆಕ್ಕೆ ಬಡಿಯುವ ಮರಿಯನ್ನು ಕಂಡವರು ಹಾಗೆನ್ನಲಾರರು. ಇರುವೆಗೆ ಬಿದ್ದರೂ ಭಯವಿಲ್ಲ. ಎಷ್ಟೆತ್ತರದಿಂದ ಬಿದ್ದರೂ ಅದಕ್ಕೆ ಪೆಟ್ಟಾಗದು. ಹಕ್ಕಿಯ ಮಾರ್ಗದಲ್ಲಿ ಬೀಳುವ ಅಪಾಯವೂ ಇದೆ, ಬಿದ್ದರೆ ಪೆಟ್ಟೂ ಇದೆ. ಯೋಗವಾಸಿಷ್ಠದ ಆರಂಭದಲ್ಲಿಯೇ ಹಕ್ಕಿಗೆ ಎರಡು ರೆಕ್ಕೆಗಳಿರುವಂತೆ ಸಾಧಕನಿಗೆ ಜ್ಞಾನಕರ್ಮಗಳೆರಡೂ ಬೇಕೆಂಬ ದೃಷ್ಟಾಂತವಿದೆ. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ ಅರಿವು ಒಂದು ರೆಕ್ಕೆ, ಆಚಾರ ಇನ್ನೊಂದು. ಬರಿಯ ಅರಿವಿನ ಮಾತಾಡುವವರಿಗೆ ಧೈರ್ಯವು ನಾಲಗೆಯ ಮೇಲಿರುತ್ತದೆ. ಬರಿಯ ಆಚಾರವನ್ನು ಹಿಡಿದವರಿಗೆ ಎಲ್ಲಿ ತಪ್ಪೀತೋ ಎಂಬ ಅಂಜಿಕೆಯೇ ಧರ್ಮವಾಗಿಬಿಡುತ್ತದೆ. ಎರಡನೆಯ ಬಗೆಯವರು ಸಭ್ಯರಾದುದರಿಂದ ಅವರ ದೋಷವು ಬೇಗ ಕಣ್ಣಿಗೆ ಬೀಳುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಅಂಜಿಕೆಯು ಮನುಷ್ಯನಲ್ಲಿ ಮಾಡುವ ಮೊದಲ ಕೆಲಸ ಭಾರವನ್ನು ಕೂಡಿಹಾಕುವುದು. ಇದನ್ನು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗದಷ್ಟು ಚೆನ್ನಾಗಿ ತಿಳಿಸುವ ಕಥೆ ಇನ್ನೊಂದಿಲ್ಲ. ಇವರು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ದಾಸೋಹ ಮಾಡಿ, ಉಳಿದುದನ್ನು ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಪರಂಪರೆ ಹೇಳುತ್ತದೆ. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಅರಸರ ಮನೆಯಲ್ಲಿರಬೇಕಾದ ಆಸೆಯು ಬಡ ಶರಣನ ಮನೆಗೆ ಹೇಗೆ ಬಂತೆಂದು ಗಂಡನನ್ನು ಕೇಳಿದಳು. ಹೆಚ್ಚಿನದನ್ನು ತಂದ ಕಡೆಗೇ ಸುರಿದು ಬರುವಂತೆ ಕಳುಹಿಸಿದಳು. ಮಾರಯ್ಯನು ಮರುಮಾತಿಲ್ಲದೆ ಹೋಗಿ ಸುರಿದು ಬಂದನು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಲೋಭದ ವಿರುದ್ಧವಾದ ಪಾಠವೆಂದು ಹೇಳುತ್ತಾರೆ. ಅದು ಸರಿಯೇ. ಆದರೆ ಮಾರಯ್ಯನು ಲೋಭಿಯೆ? ಒಂದು ಹೊತ್ತಿನ ಅಕ್ಕಿಯನ್ನು ಆಯ್ದು ತರುವವನು ಎರಡು ಹೊತ್ತಿನದನ್ನು ತಂದರೆ ಅದರ ಹಿಂದೆ ಇರುವುದು ಆಸೆಗಿಂತ ಹೆಚ್ಚಾಗಿ ನಾಳೆಯ ಅಂಜಿಕೆ. ನಾಳೆ ಮೈಯಲ್ಲಿ ಶಕ್ತಿಯಿಲ್ಲದೆ ಹೋದರೆ? ನಾಳೆ ಅಂಗಳದಲ್ಲಿ ಅಕ್ಕಿಯೇ ಬೀಳದಿದ್ದರೆ? ಲಕ್ಕಮ್ಮನು ಕಂಡುದು ಅಕ್ಕಿಯ ರಾಶಿಯೊಳಗೆ ಅಡಗಿ ಮನೆಗೆ ಬಂದ ಈ ಅಂಜಿಕೆಯನ್ನು. ಇಂದು ಒಂದು ಹಿಡಿಯಾಗಿ ಬಂದುದು ನಾಳೆ ಒಂದು ಮೂಟೆಯಾಗುತ್ತದೆ. ಆಮೇಲೆ ಮೂಟೆಯನ್ನು ಕಾಯುವುದಕ್ಕೆ ಬೀಗ, ಬೀಗವನ್ನು ಕಾಯುವುದಕ್ಕೆ ಎಚ್ಚರ.

ಹಕ್ಕಿಯ ಮೈಕಟ್ಟನ್ನು ಅರಿತವರಿಗೆ ಲಕ್ಕಮ್ಮನ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳಲ್ಲಿ ಕಾಣುವ ಹೆಜ್ಜಾರ್ಲೆಯು ಹಕ್ಕಿಗಳಲ್ಲಿ ದೊಡ್ಡದು. ನೀರಿನ ಮೇಲೆ ಕುಳಿತಾಗ ಇದು ಹೇಗೆ ಮೇಲೇಳುವುದೋ ಎನ್ನಿಸುತ್ತದೆ. ಆದರೆ ಅದರ ಎಲುಬುಗಳು ಒಳಗೆ ಟೊಳ್ಳು. ಗಾಳಿ ತುಂಬಿದ ಚೀಲಗಳು ಮೈಯೊಳಗೆ ಹರಡಿಕೊಂಡಿವೆ. ಹಕ್ಕಿಗಳಿಗೆ ಹಲ್ಲಿಲ್ಲ, ಗಟ್ಟಿ ದವಡೆಯ ಭಾರವೂ ಬೇಡವೆಂದು ಹಗುರವಾದ ಕೊಕ್ಕು ಬಂದಿದೆ. ಹಾರತಕ್ಕ ಜೀವಿಯು ಬೇಡದುದನ್ನೆಲ್ಲ ಕಳೆದುಕೊಂಡೇ ಹಕ್ಕಿಯಾಯಿತು. ಹೊತ್ತೇರಿ ಬಿಸಿಗಾಳಿ ಮೇಲೇಳುವ ತನಕ ಹೆಜ್ಜಾರ್ಲೆಯು ಕಾದಿದ್ದು, ಆ ಗಾಳಿಯನ್ನು ಆಶ್ರಯಿಸಿ ಸುತ್ತುತ್ತ ಮೇಲೇರುತ್ತದೆ. ಮೈ ಹಗುರವಾಗಿಲ್ಲದಿದ್ದರೆ ಎಂಥ ಗಾಳಿ ಬಂದರೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಲಕ್ಕಮ್ಮನ ಪ್ರಸಂಗವನ್ನು ಹಿಡಿದುಕೊಂಡು, ಗೃಹಸ್ಥನು ಮಕ್ಕಳ ವಿದ್ಯೆಗೆ, ಮುಪ್ಪಿಗೆ, ರೋಗರುಜಿನಕ್ಕೆ ಏನನ್ನೂ ಉಳಿಸಬಾರದೆಂದು ವಾದಿಸುವವರಿದ್ದಾರೆ. ಹಾಗೆ ವಾದಿಸುವವರ ಮನೆಯ ಹೊಣೆಯನ್ನು ಸಾಮಾನ್ಯವಾಗಿ ಬೇರೆ ಯಾರೋ ಹೊತ್ತಿರುತ್ತಾರೆ. ಲಕ್ಕಮ್ಮನು ಕಾಯಕವನ್ನು ಬಿಡು ಎನ್ನಲಿಲ್ಲ. ಕಾಯಕದ ಅಳತೆಯನ್ನು ಮೀರಬೇಡ ಎಂದಳು. ಇದಕ್ಕಾಗಿ ಇಷ್ಟು ಎಂದು ಉಳಿಸುವುದು ಗೃಹಧರ್ಮ. ಯಾವುದಕ್ಕೆಂದು ತಿಳಿಯದೆಯೇ, ಸಾಲದು ಸಾಲದು ಎಂದು ಕೂಡಿಡುವುದು ಅಂಜಿಕೆ. ಇವೆರಡಕ್ಕೂ ಇರುವ ಗೆರೆಯನ್ನು ಹೊರಗಿನವರು ಎಳೆದುಕೊಡಲಾರರು. ಮಾರಯ್ಯನಿಗೆ ಲಕ್ಕಮ್ಮನಿದ್ದಂತೆ ಮನೆಯವರೇ ಒಬ್ಬರಿಗೊಬ್ಬರು ತೋರಿಸಿಕೊಳ್ಳಬೇಕು.

ನಾಳೆಯ ಅಂಜಿಕೆಗಿಂತ ಬಲವಾದುದು ಲೋಕದ ಬಾಯಿಯ ಅಂಜಿಕೆ. ಇದನ್ನು ದಾಟಿದವರಲ್ಲಿ ಅಕ್ಕಮಹಾದೇವಿಗೆ ಸಮಾನರಿಲ್ಲ. ಉಡುತಡಿಯಲ್ಲಿ ಹುಟ್ಟಿದ ಈ ತರುಣಿಯು ಕೌಶಿಕರಾಜನ ಅರಮನೆಯನ್ನೂ, ತಾಯಿತಂದೆಗಳ ಆಸರೆಯನ್ನೂ ಬಿಟ್ಟು ಒಬ್ಬಳೇ ಹೊರಟ ವೃತ್ತಾಂತವನ್ನು ಹರಿಹರನು ತನ್ನ ರಗಳೆಯಲ್ಲಿ ಹೇಳಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಹೆಣ್ಣೊಬ್ಬಳು ಉಟ್ಟುದನ್ನೂ ತೊರೆದು ದಾರಿಗಿಳಿಯುವುದೆಂದರೆ ಎಂಥ ಮಾತುಗಳನ್ನು ಕೇಳಬೇಕಾಗಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ. ಅಕ್ಕನ ಪ್ರಸಿದ್ಧವಾದ ಒಂದು ವಚನದಲ್ಲಿ ಬೆಟ್ಟದ ಮೇಲೆ, ಕಡಲ ತಡಿಯಲ್ಲಿ, ಸಂತೆಯ ನಡುವೆ ಮನೆಮಾಡಿದವರ ಮೂರು ದೃಷ್ಟಾಂತಗಳು ಬರುತ್ತವೆ. ಮಕ್ಕಳೂ ಬಾಯಿಪಾಠ ಹೇಳುವ ಈ ವಚನದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸುವವರು ಕಡಿಮೆ. ಬೆಟ್ಟದಲ್ಲಿ ಮೃಗಗಳಿಲ್ಲವೆಂದಾಗಲಿ, ಕಡಲಿನಲ್ಲಿ ತೆರೆಗಳಿಲ್ಲವೆಂದಾಗಲಿ, ಸಂತೆಯಲ್ಲಿ ಗದ್ದಲವಿಲ್ಲವೆಂದಾಗಲಿ ಅಕ್ಕನು ಹೇಳುವುದಿಲ್ಲ. ಅವು ಇದ್ದೇ ಇವೆ. ಅಲ್ಲಿ ಮನೆಮಾಡುವುದೆಂದು ತೀರ್ಮಾನಿಸಿದ ಗಳಿಗೆಯಲ್ಲಿಯೇ ಅವುಗಳನ್ನೂ ಒಪ್ಪಿಕೊಂಡ ಹಾಗಾಯಿತು. ಹೊಗಳಿಕೆ ತೆಗಳಿಕೆಗಳೂ ಹಾಗೆಯೇ. ಎಂ.ಜಿ. ರಸ್ತೆಯ ಮಾರುಕಟ್ಟೆಯ ಪಕ್ಕದಲ್ಲಿ ಮನೆಯುಳ್ಳವರು ಬೆಳಗಿನ ಕೂಗಿಗೆ ಕಿವಿ ಮುಚ್ಚಿಕೊಂಡು ಎಷ್ಟು ದಿನ ಬಾಳಿಯಾರು? ಕೆಲವು ದಿನಗಳಲ್ಲಿ ಆ ಕೂಗಿನಲ್ಲಿಯೇ ಪೂಜೆಯೂ ಸಾಗುತ್ತದೆ, ಮಕ್ಕಳ ಓದೂ ಸಾಗುತ್ತದೆ.

ಹಾಗೆಂದು ಅಕ್ಕನಿಗೆ ಅಳುಕೇ ಇರಲಿಲ್ಲವೆಂದು ತಿಳಿಯುವುದು ಅವಳಿಗೆ ಮಾಡುವ ಅನ್ಯಾಯ. ಕಾಡಿನಲ್ಲಿ ಗಿಳಿ, ಕೋಗಿಲೆ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು, ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುವ ಅವಳ ವಚನವನ್ನು ನೆನೆಯಬೇಕು. ಅದು ಎಲ್ಲವನ್ನೂ ಗೆದ್ದುಕೊಂಡವರ ಧ್ವನಿಯಲ್ಲ. ದಾರಿ ತಿಳಿಯದೆ, ಕೇಳುವುದಕ್ಕೆ ಮನುಷ್ಯರೂ ಇಲ್ಲದೆ, ಹಕ್ಕಿಗಳನ್ನು ಕೇಳುತ್ತಿರುವವಳ ಧ್ವನಿ. ಕೊಂಬೆಯನ್ನು ಬಿಟ್ಟಾಗಿದೆ, ಸೇರಬೇಕಾದ ಮರ ಇನ್ನೂ ಕಂಡಿಲ್ಲ. ಆ ನಡುವಣ ಸ್ಥಿತಿಯಲ್ಲಿ ಅವಳು ಹಿಂದಿರುಗಲಿಲ್ಲ ಎಂಬುದರಲ್ಲಿಯೇ ಅವಳ ಹಿರಿಮೆ. ಕಲ್ಯಾಣಕ್ಕೆ ಬಂದಾಗಲೂ ಅನುಭವಮಂಟಪವು ಅವಳನ್ನು ಹೂಹಾಸಿ ಕರೆಯಲಿಲ್ಲ. ಅಲ್ಲಮಪ್ರಭುಗಳು ಕಠಿಣವಾದ ಪ್ರಶ್ನೆಗಳನ್ನು ಕೇಳಿದರು. ಎಲ್ಲವನ್ನೂ ತೊರೆದವಳು ಕೂದಲನ್ನು ಮರೆಯಾಗಿ ಹೊದೆದಿರುವುದೇಕೆಂದೂ ಕೇಳಿದರು. ಶೂನ್ಯಸಂಪಾದನೆಯ ಆ ಭಾಗವನ್ನು ಓದುವವರು ಪ್ರಭುಗಳ ಕಾಠಿಣ್ಯಕ್ಕೆ ನೊಂದುಕೊಳ್ಳುವುದುಂಟು. ಹಕ್ಕಿಯ ರೆಕ್ಕೆಯನ್ನು ಪರೀಕ್ಷಿಸುವುದು ಎದುರುಗಾಳಿಯೇ ಹೊರತು ಹಿಂದಿನಿಂದ ಬೀಸುವ ಗಾಳಿಯಲ್ಲ ಎಂಬುದನ್ನು ಅವರು ನೆನೆಯಬಹುದು.

ಧೈರ್ಯಮಾಡಿ ಹಾರಿದವರೆಲ್ಲ ಸುಖವಾಗಿ ಇಳಿದರೆಂದು ಹೇಳಿದರೆ ಅದು ಸತ್ಯವಾಗದು. ಕಲ್ಯಾಣದಲ್ಲಿ ಬ್ರಾಹ್ಮಣಮೂಲದ ಮಧುವರಸ, ಸಮಗಾರಮೂಲದ ಹರಳಯ್ಯ ಇವರಿಬ್ಬರೂ ಶರಣರಾದ ಮೇಲೆ ಜಾತಿಯನ್ನು ಎಣಿಸದೆ ತಮ್ಮ ಮಕ್ಕಳಿಗೆ ಮದುವೆ ಮಾಡಿದರು. ಬಿಜ್ಜಳನು ಅವರಿಗೆ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಆ ಮೇಲೆ ಕಲ್ಯಾಣದಲ್ಲಿ ಕ್ರಾಂತಿಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರೊಂದಿಗೆ ಒಂದು ಗುಂಪು ಉಳವಿಯತ್ತ ನಡೆಯಿತು. ಈ ಇಬ್ಬರು ತಂದೆಯರು ತಮಗೆ ಬರಬಹುದಾದುದನ್ನು ಅರಿಯದವರೆ? ರಾಜಧಾನಿಯಲ್ಲಿ ಬಾಳಿದವರಿಗೆ ಅರಸನ ಸ್ವಭಾವವೂ ತಿಳಿದಿತ್ತು, ಊರಿನ ಸ್ವಭಾವವೂ ತಿಳಿದಿತ್ತು. ಅರಿತೇ ಮಾಡಿದರು. ಅವರ ಕಥೆಯನ್ನು ಭಕ್ತಿಯಿಂದ ಕೇಳಿ, ಮನೆಗೆ ಬಂದು ಮಗಳ ಸಂಬಂಧದ ಮಾತೆತ್ತಿದ ಕೂಡಲೆ ಒಳಪಂಗಡವನ್ನು ವಿಚಾರಿಸುವ ಗೃಹಸ್ಥರು ಇಂದಿಗೂ ಇದ್ದಾರೆ. ಅವರು ಕೆಟ್ಟವರಲ್ಲ, ಅಂಜಿದವರು. ಯಾರಿಗೆ ಅಂಜಿದ್ದೀರಿ ಎಂದು ಕೇಳಿದರೆ ನೆಂಟರ ಕಡೆ ತೋರಿಸುತ್ತಾರೆ. ಆ ನೆಂಟರು ಇವರ ಕಡೆ ತೋರಿಸುತ್ತಾರೆ.

ಚದುರಿದ ಶರಣರ ವಚನಗಳು ಓಲೆಗರಿಗಳಲ್ಲಿ ಉಳಿದು, ಮಠಮನೆಗಳ ಅಟ್ಟಗಳಲ್ಲಿ ಹುದುಗಿ, ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂದುದು ಇನ್ನೊಂದು ಬಗೆಯ ಧೈರ್ಯದಿಂದ. ಫ.ಗು. ಹಳಕಟ್ಟಿಯವರು (1880–1964) ವಿಜಾಪುರದಲ್ಲಿ ವಕೀಲರಾಗಿದ್ದವರು. ಆ ವೃತ್ತಿಯಲ್ಲಿ ನೆಮ್ಮದಿಯಾಗಿ ಬಾಳಬಹುದಾಗಿತ್ತು. ಅವರು ಓಲೆಗರಿಗಳನ್ನು ಹುಡುಕುತ್ತ ಊರೂರು ತಿರುಗಿದರು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮನೆ ಮಾರಿದ ದಿನ ಆ ಮನೆಯವರು ಏನೆಂದುಕೊಂಡಿರಬೇಕು! ಇಂದು ಗೃಹಸ್ಥರ ಮನೆಗಳಲ್ಲಿ ವಚನದ ಪುಸ್ತಕವಿರುವುದಕ್ಕೆ ಅವರಿಗೆ ಮನೆಯಿಲ್ಲದೆ ಹೋದುದೂ ಒಂದು ಕಾರಣವೆಂಬುದನ್ನು ಪುಸ್ತಕ ತೆರೆಯುವಾಗಲೆಲ್ಲ ನೆನೆಯುವವರು ಎಷ್ಟು ಮಂದಿಯೋ.

ಹಾರುವುದೆಂದರೆ ಕಣ್ಣು ಮುಚ್ಚಿ ಧುಮುಕುವುದೂ ಅಲ್ಲ. ಇದಕ್ಕೆ ಮೈಸೂರು ಸೀಮೆಯಲ್ಲಿಯೇ ಒಂದು ಸಾಕ್ಷಿಯುಂಟು. ನಂಜನಗೂಡು ತಾಲ್ಲೂಕಿನಲ್ಲಿ, ಸುತ್ತೂರಿಗೆ ದೂರವಲ್ಲದ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳುಳ್ಳ ಈ ಹಕ್ಕಿಗಳು ಟಿಬೆಟ್, ಮಂಗೋಲಿಯಾಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರತಕ್ಕವು. ಪ್ರಾಚೀನ ಕಾವ್ಯಗಳ ಹಂಸವು ಇದೇ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಎರಡು ಮೂರು ಕಿಲೋಗ್ರಾಂ ತೂಕದ ಈ ಜೀವಿ ಪರ್ವತಗಳನ್ನು ಹೇಗೆ ದಾಟುತ್ತದೆಂದು ತಿಳಿಯಲು ವಿಜ್ಞಾನಿಗಳು ಕೆಲವು ಹಕ್ಕಿಗಳಿಗೆ ಸಣ್ಣ ಯಂತ್ರಗಳನ್ನು ಅಳವಡಿಸಿ ಬಿಟ್ಟರು. ಹಾಗೆ ಅಳೆದವುಗಳಲ್ಲಿ ಒಂದು 7,290 ಮೀಟರ್ ಎತ್ತರವನ್ನು ಮುಟ್ಟಿತ್ತು. ಆದರೆ ಹೆಚ್ಚು ಬೋಧಪ್ರದವಾದ ಸಂಗತಿ ಎತ್ತರವಲ್ಲ. 2015ರಲ್ಲಿ ಪ್ರಕಟವಾದ ಶೋಧನೆಯಂತೆ, ಹೆಬ್ಬಾತುಗಳು ಒಮ್ಮೆಗೇ ಮೇಲೇರಿ ಆ ಎತ್ತರದಲ್ಲಿಯೇ ಸಾಗುವುದಿಲ್ಲ. ನೆಲದ ಏರಿಳಿತವನ್ನು ಅನುಸರಿಸಿ, ಬೆಟ್ಟ ಬಂದಾಗ ಏರಿ, ಕಣಿವೆ ಬಂದಾಗ ಇಳಿದು ಹೋಗುತ್ತವೆ. ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕಿಂತ, ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದರಲ್ಲಿಯೇ ಶ್ರಮ ಕಡಿಮೆಯಂತೆ. ಗಾಳಿ ತಣ್ಣಗೆ ದಟ್ಟವಾಗಿರುವ ರಾತ್ರಿಯ, ನಸುಕಿನ ಹೊತ್ತನ್ನು ಅವು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಗುಂಪಾಗಿ ಹೋಗುತ್ತವೆ. ಸಾಹಸವು ಅಹಂಕಾರವಾಗದೆ ಇರುವುದು ಹೇಗೆಂಬುದನ್ನು, ಇಳಿಯಬೇಕಾದಲ್ಲಿ ನಾಚದೆ ಇಳಿಯುವ ಈ ಹಕ್ಕಿಗಳಿಂದ ತಿಳಿಯಬಹುದು. ಗುಂಪಿನ ಮಾತಂತೂ ಶರಣಸಂಗವನ್ನು ಬಲ್ಲವರಿಗೆ ಹೊಸದಲ್ಲ.

ಆ ಸುತ್ತೂರಿನ ಮಠದಿಂದಲೇ ಮೈಸೂರಿಗೆ ಬಂದ ಒಂದು ಸಾಹಸವು ಅಗ್ರಹಾರದ ಸುತ್ತಮುತ್ತ ಇಂದಿಗೂ ಕಣ್ಣಿಗೆ ಕಾಣುವಂತಿದೆ. ಅಗ್ರಹಾರವೆಂದರೆ ವೇದಾಧ್ಯಯನನಿರತರಿಗೆ ಅರಸರು ಕೊಡುತ್ತಿದ್ದ ನೆಲೆ. ಒಂದು ಕಾಲಕ್ಕೆ ಹಳ್ಳಿಯ ಒಕ್ಕಲು ಮಕ್ಕಳಿಗೆ ಅಂಥ ಬೀದಿಗಳಲ್ಲಿ ಓದಿನ ನಿಮಿತ್ತವಾಗಿ ಕೆಲಸವಿರಲಿಲ್ಲ. ಸುತ್ತೂರು ಮಠದ 23ನೆಯ ಪೀಠಾಧಿಪತಿಗಳಾಗಿದ್ದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಕೆಲವೇ ಹುಡುಗರಿಗೆ ಅನ್ನವಸತಿಗಳನ್ನು ಕೊಟ್ಟು ಓದಿಸುವುದಕ್ಕೆ ತೊಡಗಿದರು. ಅದು ಎರಡನೆಯ ಮಹಾಯುದ್ಧದ ಕಾಲ. ಧಾನ್ಯದ ಅಭಾವ, ಪಡಿತರದ ಕಟ್ಟುಪಾಡು. ತಮ್ಮ ಮನೆಯವರಿಗೇ ಸಾಲದೆಂದು ಜನರು ಅಳೆದು ಬೇಯಿಸುತ್ತಿದ್ದ ದಿನಗಳಲ್ಲಿ ಪರರ ಮಕ್ಕಳಿಗೆ ಉಚಿತವಾಗಿ ಎಲೆ ಹಾಕುವ ಸಂಕಲ್ಪವನ್ನು ಲೆಕ್ಕಾಚಾರ ಬಲ್ಲವರು ಯಾರೂ ಒಪ್ಪುತ್ತಿರಲಿಲ್ಲ. ಕಾಲ ಸರಿಹೋದ ಮೇಲೆ ಆರಂಭಿಸೋಣವೆಂದು ಅವರು ಕಾದಿದ್ದರೆ, ಆಗ ಓದಬೇಕಾಗಿದ್ದ ಹುಡುಗರ ವಯಸ್ಸು ಕಾಯುತ್ತಿರಲಿಲ್ಲ. 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಸ್ಥಾಪನೆಯಾಯಿತು. ಶಾಲೆಗಳು, ಕಾಲೇಜುಗಳು ಬೆಳೆದವು; ಎಂ.ಜಿ. ರಸ್ತೆಯಲ್ಲಿ ಆಸ್ಪತ್ರೆಯೂ ನಿಂತಿತು.

ಈ ಕಥೆಯಲ್ಲಿ ಸ್ವಾಮಿಗಳ ಧೈರ್ಯವನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದುದೇ. ಹುಡುಗರನ್ನು ಕಳುಹಿಸಿದ ತಾಯಿತಂದೆಗಳ ಮಾತನ್ನು ಹೇಳುವವರು ವಿರಳ. ಹೊಲದ ಕೆಲಸಕ್ಕೆ ಒದಗುವ ವಯಸ್ಸಿನ ಮಗನನ್ನು, ಒಮ್ಮೆಯೂ ಕಾಣದ ಪೇಟೆಗೆ, ಬರಿಯ ಮಠದ ಮೇಲಿನ ನಂಬಿಕೆಯಿಂದ ಕಳುಹಿಸುವುದು ಸಣ್ಣ ಮಾತಾಗಿರಲಿಲ್ಲ. ಹೋದವನು ಓದಿ ಹಿಂದಿರುಗಿಯಾನೆ, ಹಿಂದಿರುಗಿದರೆ ಮನೆಯವನಾಗಿಯೇ ಇದ್ದಾನೆ, ಇಷ್ಟಲಿಂಗಪೂಜೆಯನ್ನು ಮರೆತಾನೆ ಎಂಬ ಪ್ರಶ್ನೆಗಳಿಗೆ ಆಗ ಯಾರಲ್ಲಿಯೂ ಉತ್ತರವಿರಲಿಲ್ಲ. ಕೆಲವರಿಗೆ ಒಳ್ಳೆಯ ಉತ್ತರ ದೊರೆಯಿತು. ಕೆಲವರ ಮಕ್ಕಳು ದೂರವಾದರು. ಅಂಥ ಮನೆಗಳೂ ಹಳ್ಳಿಗಳಲ್ಲಿವೆ, ಅವುಗಳನ್ನು ಇಲ್ಲವೆನ್ನಲಾಗದು.

ಈಗ ಆ ಸರದಿ ಹೆಣ್ಣುಮಕ್ಕಳಿಗೂ ಬಂದಿದೆ. ಶಾಲೆ ಕಾಲೇಜುಗಳು ತೆರೆಯುವ ದಿನಗಳಲ್ಲಿ ಅಗ್ರಹಾರದ ವೃತ್ತದ ಬಳಿ ನಿಂತರೆ, ಪೆಟ್ಟಿಗೆ ಹಾಸಿಗೆಗಳೊಂದಿಗೆ ಆಟೋದಿಂದ ಇಳಿದು ದಾರಿ ಕೇಳುವ ಹಳ್ಳಿಯ ಕುಟುಂಬಗಳನ್ನು ಕಾಣಬಹುದು. ತಂದೆ ವಿದ್ಯಾರ್ಥಿನಿಲಯದ ಬಾಗಿಲಿನಲ್ಲಿ ನಿಂತು, ಒಮ್ಮೆ ಕೇಳಿದುದನ್ನೇ ಮತ್ತೊಮ್ಮೆ ಕೇಳುತ್ತಾನೆ. ತಾಯಿ ಮಗಳ ಕೊರಳಿನ ಶಿವದಾರವನ್ನು, ಅದು ಸರಿಯಾಗಿಯೇ ಇದ್ದರೂ, ಇನ್ನೊಮ್ಮೆ ಸರಿಪಡಿಸುತ್ತಾಳೆ. ಹಾರಬೇಕಾದವಳ ರೆಕ್ಕೆಗೆ ಬಲ ಬಂದಿದೆ; ಕಡ್ಡಿಯನ್ನು ಹಿಡಿದ ಉಗುರು ಈ ಸಲ ತಾಯಿತಂದೆಗಳದು. ಮಗಳು ಒಳಗೆ ಹೋದ ಮೇಲೆ ಅವರಿಬ್ಬರೂ ತುಸು ಹೊತ್ತು ಅಲ್ಲಿಯೇ ನಿಂತಿದ್ದು, ಆಮೇಲೆ ಬಸ್ಸಿನ ಹೊತ್ತಾಯಿತೆಂದು ಹೊರಡುತ್ತಾರೆ. ಬರುವಾಗ ಮೂವರು ಕುಳಿತಿದ್ದ ಆಸನದಲ್ಲಿ, ಹೋಗುವಾಗ ನಡುವೆ ಊಟದ ಬುತ್ತಿಯ ಚೀಲವಿರುತ್ತದೆ.